ಹಲ್ಲು ಬರ್ತಿದೆ, ಅಷ್ಟೆ

ಫೆಬ್ರವರಿ 26

ನನ್ನ ಹೊಲಿಗೆಯ ಅಳತೆ ಪುಸ್ತಕದ ಹಿಂದಿನ ಹಾಳೆಗಳು ಖಾಲಿ ಇವೆ. ಮುಂದಿನಿಂದ ಊರಿನ ಹೆಂಗಸರ ಎದೆ, ಸೊಂಟ, ತೋಳು. ಹಿಂದಿನಿಂದ ನಾನು. ಈ ಮನೆಯಲ್ಲಿ ಇದನ್ನು ತೆರೆಯುವವಳು ನಾನೊಬ್ಬಳೇ.

ರಸ್ಮಿನಿ ಇಂದು ಕೆಲಸಕ್ಕೆ ಮರಳಿದಳು. ದಕ್ಷಿಣದ ಕಡಲ ದಂಡೆಯ ಹೋಟೆಲಿನಲ್ಲಿ ಬಟ್ಟೆ ಒಗೆಯುವ ಕೆಲಸ. ಅವಳ ಗಂಡ, ನನ್ನ ಮಗ ಸುವಿತ್ರ, ಹಡಗಿನಲ್ಲಿದ್ದಾನೆ, ಆಗಸ್ಟ್‌ವರೆಗೆ ಬರುವುದಿಲ್ಲ. ಬೆಳಗ್ಗೆ ಆರರಿಂದ ಸಂಜೆ ಐದರವರೆಗೆ ಮಗು ನನ್ನ ಪಾಲಿಗೆ. ಆರು ತಿಂಗಳ ಹೆಣ್ಣು, ಹೆಸರು ಸಂದಾತ್. ಊರಿನವರು ಈಗ ನನ್ನನ್ನು ದಾದೊಂಗ್ ಸಂದಾತ್ ಎನ್ನುತ್ತಾರೆ, ಸಂದಾತಳ ಅಜ್ಜಿ. ಅದಕ್ಕೆ ಮೊದಲು ಮೆನ್ ಸುವಿತ್ರ, ಸುವಿತ್ರನ ತಾಯಿ. ಅದಕ್ಕೂ ಮೊದಲು ಎಂಟು ತಿಂಗಳ ಕಾಲ ಇನ್ನೊಂದು ಹೆಸರಿತ್ತು. ಅದನ್ನು ಊರು ಮರೆತಿದೆ.

ಹೊರಡುವಾಗ ರಸ್ಮಿನಿ ಹೇಳಿದಳು: "ಅತ್ತೆ, ಒಸಡು ಊದಿದೆ. ಜೊಲ್ಲು ಒಂದೇ ಸಮ. ಸ್ವಲ್ಪ ನೋಡ್ಕೊಳ್ಳಿ."

"ನೋಡ್ಕೋತೀನಿ."

ಚೆನ್ನಾಗಿಯೇ ನೋಡಿಕೊಳ್ಳುತ್ತೇನೆ. ಮಗುವಿಗೆ ಮೂರು ತಿಂಗಳಾದಾಗ, ಸತ್ತವರನ್ನು ಮೈಮೇಲೆ ತಂದುಕೊಂಡು ಕಣಿ ಹೇಳುವ ಬಲಿಯಾನಳ ಬಳಿ ಹೋಗಿ ಕೇಳಿಸಿದರು, ಸತ್ತವರಲ್ಲಿ ಯಾರು ಈ ಮಗುವಾಗಿ ಮರಳಿದ್ದಾರೆ ಎಂದು. ಎಲ್ಲ ಮನೆಯವರೂ ಕೇಳಿಸುತ್ತಾರೆ. ನಾನು ಹೋಗಲಿಲ್ಲ, ಮದುವೆಯ ರವಿಕೆಗಳು ಬಾಕಿ ಇದ್ದವು. ಬಲಿಯಾನಳ ಮೈಮೇಲೆ ಬಂದವಳು, "ಆ ಮನೆಯ ಹಿರಿ ಹೆಂಗಸು ನಾನೇ. ಸೊಸೆ ಕೈಯಲ್ಲಿ ಬೆಳೀಬೇಕು ಅಂತ ಬಂದೆ" ಎಂದಳಂತೆ. ನನ್ನ ಗಂಡ ಅಲ್ಲೇ ಅತ್ತುಬಿಟ್ಟರಂತೆ.

ನನ್ನ ಅತ್ತೆ ಸತ್ತು ನಾಲ್ಕು ವರ್ಷ. ಸುಟ್ಟು, ಬೂದಿಯನ್ನು ಕಡಲಿಗೆ ಬಿಟ್ಟಾಗಿತ್ತು. ಕೈತಪ್ಪಿ ಹೋದಳು ಎಂದುಕೊಂಡಿದ್ದೆ. ಸಿಕ್ಕಿದ್ದಾಳೆ. ಹಲ್ಲಿಲ್ಲ, ನಡೆಯಲಾರಳು, ಮಾತು ಬರುವುದಿಲ್ಲ.

ಮಾರ್ಚ್ 1

ಹತ್ತು ಗಂಟೆಗೆ ಅಳು ಶುರು. ನಾನು ರವಿಕೆಗೆ ತೋಳು ಕೂಡಿಸುತ್ತಿದ್ದೆ. ಒಂದು ತೋಳು ಪೂರ್ತಿ ಮುಗಿಯುವವರೆಗೆ ಎದ್ದು ಹೋಗಬಾರದು ಎಂದು ನಿಯಮ ಮಾಡಿಕೊಂಡೆ. ಮುಗಿಸಿ, ದಾರ ಕತ್ತರಿಸಿ, ಮಡಿಸಿಟ್ಟು ಎದ್ದೆ. ಅಷ್ಟು ಹೊತ್ತಿಗೆ ಅವಳ ದನಿ ಬಿದ್ದುಹೋಗಿತ್ತು.

ಮಣ್ಣಿನ ಹೂಜಿಯ ನೀರಿನಲ್ಲಿ ಹತ್ತಿ ಬಟ್ಟೆಯ ತುಂಡು ಅದ್ದಿ, ಹಿಂಡಿ, ಗಂಟು ಕಟ್ಟಿ ಬಾಯಿಗೆ ಕೊಟ್ಟೆ. ಜಗಿದಳು. ಕಣ್ಣಲ್ಲಿ ನೀರು ಹಾಗೇ ನಿಂತಿತ್ತು, ನನ್ನನ್ನೇ ನೋಡುತ್ತಿದ್ದಳು. ಅತ್ತೆಯೂ ಹೀಗೇ ನೋಡುತ್ತಿದ್ದಳು, ಕೊನೆಯ ವರ್ಷ, ಹಾಸಿಗೆಯಿಂದ. ಆಗಲೂ ನಾನು ಕೆಲಸ ಮುಗಿಸಿಯೇ ಏಳುತ್ತಿದ್ದೆ.

ಮಾರ್ಚ್ 4

ನನ್ನ ಗಂಡನಿಗೆ ಇದು ಹೊಸ ಆಟ. ಬೆಳಗ್ಗೆ ಹುಂಜಗಳಿಗೆ ಕಾಳು ಹಾಕಿ, ಕೈ ತೊಳೆದು, ಮಗುವಿನ ಮುಂದೆ ಕಾಲು ಮಡಿಸಿ ಕೂರುತ್ತಾರೆ. ದೊಡ್ಡವರ ಮುಂದೆ ಆಡುವ ಮರ್ಯಾದೆಯ ಮಾತಿನಲ್ಲೇ ಮಾತಾಡುತ್ತಾರೆ.

"ಅಮ್ಮಾ, ನಿದ್ದೆ ಚೆನ್ನಾಗಿ ಬಂತಾ ನಿಮಗೆ? ಸೊಸೆ ಸರಿಯಾಗಿ ನೋಡ್ಕೋತಿದಾಳಾ? ಇಲ್ಲಾಂದ್ರೆ ಒಂದು ಸಲ ಕೆಮ್ಮಿ, ನಾನು ವಿಚಾರಿಸ್ಕೋತೀನಿ."

ಪಕ್ಕದ ಮನೆಯ ಮೆನ್ ಕಸುಬ್ ಹಬ್ಬದ ಕೆಬಾಯಾ ರವಿಕೆ ಹಾಕಿ ನೋಡಲು ಬಂದಿದ್ದಳು. ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡು ನಾನು ಅವಳ ಸೊಂಟ ಹಿಡಿಯುತ್ತಿದ್ದೆ.

"ಪುಣ್ಯ ಕಣೇ ನಿಂದು" ಎಂದಳು. "ನಮ್ಮತ್ತೆ ಸತ್ತು ಎಲ್ಲಿ ಹುಟ್ಟಿದಾಳೋ, ಯಾರ ತಲೆ ತಿಂತಿದಾಳೋ. ನಿನಗೆ ನೋಡು, ತಿಕ ತೊಳೆಯೋಕೇ ಸಿಕ್ಕಿದಾಳೆ."

"ಉಸಿರು ಬಿಡು. ಸೊಂಟ ಎರಡು ಬೆರಳು ದಪ್ಪ ಆಗಿದೀಯ."

"ಮಾತು ತಪ್ಪಿಸಬೇಡ. ಹೊಡೀತೀಯಾ ಆಗಾಗ? ನಾನಾಗಿದ್ರೆ ಒಂದು ಚಿವುಟೋಳು."

ನಾನು ನಗಲಿಲ್ಲ. ಸೂಜಿ ಬಾಯಲ್ಲಿತ್ತು.

ಸೌತೆಕಾಯಿಯ ಸಿಪ್ಪೆ, ಬೀಜ ತೆಗೆದು, ಉದ್ದಕ್ಕೆ ಸೀಳಿ, ತಣ್ಣೀರಿನಲ್ಲಿಟ್ಟು, ತೆಳುವಾದ ಬಟ್ಟೆಯಲ್ಲಿ ಕಟ್ಟಿ ಕೊಟ್ಟೆ. ತುಂಡು ಮುರಿದು ಗಂಟಲಿಗೆ ಸಿಕ್ಕಬಾರದು. ಸಿಕ್ಕರೆ ನನ್ನ ಮೇಲೆ ಬರುತ್ತದೆ.

ಮಾರ್ಚ್ 9

ಬರೆದೇಬಿಡುತ್ತೇನೆ. ಇಪ್ಪತ್ತೊಂಬತ್ತು ವರ್ಷಗಳಿಂದ ಒಂದು ಕಡೆಯೂ ಬರೆದಿಲ್ಲ.

ನನ್ನ ಮೊದಲ ಮಗು ಲಸ್ತಿನಿ. ಊರವರು ನನ್ನನ್ನು ಮೆನ್ ಲಸ್ತಿನಿ ಎಂದು ಕರೆದದ್ದು ಎಂಟು ತಿಂಗಳು. ಅವಳಿಗೆ ಹಲ್ಲು ಬರುವ ಕಾಲ. ಊರ ದೇವಸ್ಥಾನದ ಉತ್ಸವದ ದಿನ ಮಧ್ಯಾಹ್ನ ಮೈ ಸುಡತೊಡಗಿತು. ಔಷಧಿ ಕೊಡುವ ಸರ್ಕಾರಿ ಕಂಪೌಂಡರ್ ಇದ್ದದ್ದು ಏಳು ಕಿಲೋಮೀಟರ್ ಆಚೆ. ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಟು ನಿಂತೆ. ಬಾಗಿಲಲ್ಲಿ ನಿಂತು ಅತ್ತೆ ಅಂದಳು: "ಹಲ್ಲು ಬರ್ತಿದೆ, ಅಷ್ಟೆ. ನಾಳೆ ನೋಡೋಣ." ಮನೆಯಲ್ಲಿ ನೈವೇದ್ಯದ ಬುಟ್ಟಿ ಕಟ್ಟುವ ಕೆಲಸವಿತ್ತು. ನನ್ನ ಗಂಡ ದೇವಸ್ಥಾನದಲ್ಲಿ ಗಮೆಲಾನ್ ವಾದ್ಯ ಬಾರಿಸಲು ಹೋಗಬೇಕಿತ್ತು, ಹೋದರು. ಅತ್ತೆ ಹಾಲುವಾಣದ ಎಲೆ ಅರೆದು ಮಗುವಿನ ನೆತ್ತಿಗೆ ಹಚ್ಚಿದಳು, ಈರುಳ್ಳಿ ತೆಂಗಿನೆಣ್ಣೆ ಕಲಸಿ ಹೊಟ್ಟೆಗೆ ಸವರಿದಳು. ನನಗೆ ಇಪ್ಪತ್ಮೂರು. ಬಾಗಿಲು ದಾಟಲಿಲ್ಲ.

ಬೆಳಗಾಗುವಷ್ಟರಲ್ಲಿ ಮುಗಿದಿತ್ತು.

ಹಾಲುಹಲ್ಲು ಬೀಳುವ ಮುನ್ನ ಸತ್ತ ಮಕ್ಕಳನ್ನು ನಾವು ಸುಡುವುದಿಲ್ಲ, ಹೂಳುತ್ತೇವೆ. ಚಿಕ್ಕ ಗುಂಡಿ. ಊರಿನವರು ಒಂದು ವಾರ ನನ್ನನ್ನು ಏನೆಂದು ಕರೆಯಬೇಕೋ ತಿಳಿಯದೆ ಕರೆಯುವುದನ್ನೇ ಬಿಟ್ಟರು.

ಆ ನಂತರ ಇಪ್ಪತ್ತೈದು ವರ್ಷ ಅತ್ತೆಗೆ ಅನ್ನ ಹಾಕಿದೆ. ಒಂದು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಅವಳೂ ಒಂದು ದಿನ ಯಾಕೆ ಎಂದು ಕೇಳಲಿಲ್ಲ.

ಈಗ ಅವಳಿಗೆ ಹಲ್ಲು ಬರುತ್ತಿದೆ. ಒಂದು ದಿನ ಮೈ ಕಾಯುತ್ತದೆ. ಆ ದಿನ ಹೇಳಬೇಕಾದ ಮಾತು ನನ್ನ ಬಳಿ ಸಿದ್ಧವಿದೆ. ಅವಳದೇ ಮಾತು. ಬೇರೇನೂ ಮಾಡಬೇಕಿಲ್ಲ.

ಮಾರ್ಚ್ 10

ಗಂಡನ ಹಲ್ಲುನೋವಿಗೆ ತಂದ ಲವಂಗದೆಣ್ಣೆ ಕಪಾಟಿನಲ್ಲಿದೆ. ಎಳೆ ಒಸಡಿಗೆ ತಾಗಿದರೆ ಬೆಂಕಿ. ಬೆರಳಿಗೆ ಒಂದು ತೊಟ್ಟು ಹಾಕಿಕೊಂಡು ತೊಟ್ಟಿಲ ಬಳಿ ನಿಂತೆ. ಅವಳು ಬಾಯಿ ತೆರೆದಳು, ತಿನ್ನಲು ಏನೋ ತಂದಿದ್ದಾಳೆ ಎಂದುಕೊಂಡು.

ಬಾಟಲಿಯಲ್ಲಿ ಸ್ವಲ್ಪವೇ ಉಳಿದಿದೆ. ದಂಡ ಮಾಡುವುದು ಬೇಡವೆನಿಸಿತು. ಕೈಯನ್ನು ಸೋಪು ಹಾಕಿ ಮೂರು ಸಲ ತೊಳೆದೆ, ವಾಸನೆ ಹೋಗುವವರೆಗೆ. ಆಮೇಲೆ ಬರಿ ಬೆರಳಿನಿಂದ ಒಸಡು ತಿಕ್ಕಿದೆ. ಕೆಳಗೆ ಎಡಗಡೆ, ಚರ್ಮದಡಿ ಅಕ್ಕಿಕಾಳಿನಂಥದ್ದು ತಗಲುತ್ತದೆ.

ಬಾಟಲಿಯನ್ನು ಮೇಲಿನ ಹಲಗೆಗೆ ಇಟ್ಟೆ. ಕೆಳಗೆ ಜಾಗವಿರಲಿಲ್ಲ.

ಮಾರ್ಚ್ 15

ಸೌತೆಕಾಯಿ ಎರಡು. ಒದ್ದೆ ಬಟ್ಟೆ ಆರು ಸಲ. ಹೊಲಿಗೆ ಯಂತ್ರ ಓಡುತ್ತಿದ್ದರೆ ಸುಮ್ಮನಿರುತ್ತಾಳೆ, ನಿಲ್ಲಿಸಿದರೆ ಅಳು. ಬಟ್ಟೆಯಿಲ್ಲದೆ, ದಾರವಿಲ್ಲದೆ ಅರ್ಧ ಗಂಟೆ ಬರಿದೇ ತುಳಿದೆ. ಕಾಲು ನೋಯುತ್ತಿದೆ. ಸತ್ತ ಮೇಲೂ ದುಡಿಸಿಕೊಳ್ಳುತ್ತಾಳೆ.

ತೋಳು ಮುಗಿಯುವವರೆಗೆ ಎಂದಿದ್ದ ನಿಯಮ ಬದಲಿಸಿದ್ದೇನೆ. ಒಂದು ಗುಂಡಿ ಹಾಕುವಷ್ಟು ಹೊತ್ತು. ತೋಳಿನ ಕೆಲಸ ಈಗ ಕಡಿಮೆ ಇದೆ.

ಮಾರ್ಚ್ 19

ಮೆನ್ ಕಸುಬ್ ಮತ್ತೆ ಬಂದಿದ್ದಳು. ಜಗಲಿಯಲ್ಲಿ ಕೂತು ಮಗುವಿನ ಗಲ್ಲದ ಜೊಲ್ಲು ಒರೆಸುತ್ತ ಅಂದಳು:

"ನನಗ್ಯಾಕೋ ಅನುಮಾನ. ನಿಮ್ಮತ್ತೆ ಮುಖ ಉದ್ದ, ಇದರದು ದುಂಡಗಿದೆ. ಆ ಬಲಿಯಾನ್‌ಗೆ ವಯಸ್ಸಾಯ್ತು. ಗುಡ್ಡದ ಆಚೆ ಇನ್ನೊಬ್ಬಳಿದಾಳೆ, ಚೆನ್ನಾಗಿ ಹೇಳ್ತಾಳಂತೆ. ನಮ್ಮ ನಾದಿನಿ ಮಗೂಗೆ ಇಬ್ಬಿಬ್ಬರ ಹತ್ರ ಕೇಳ್ಸಿದ್ರು, ಇಬ್ಬರೂ ಬೇರೆ ಬೇರೆ ಹೆಸರು ಹೇಳಿದ್ರು. ನೀನೂ ಒಂದು ಸಲ ಕೇಳ್ಸು."

"ಬೇಡ."

"ಯಾಕೇ? ಬೇರೆ ಯಾರೋ ಒಳ್ಳೆಯವರು ಬಂದಿದ್ರೆ ನಿನಗೇ ನೆಮ್ಮದಿ."

"ಬೇಡ ಅಂದೆನಲ್ಲ. ಒಮ್ಮೆ ಹೇಳಿದ್ದು ಸಾಕು."

ಅವಳು ಹೋದ ಮೇಲೆ ಯಂತ್ರದ ಮುಂದೆ ಕೂತೆ. ಬೇರೆ ಯಾರದೋ ಹೆಸರು ಬಂದರೆ ಇಷ್ಟು ದಿನ ನಾನು ಯಾರನ್ನು ಅಳಿಸಿದೆ?

ಮಾರ್ಚ್ 27

ನಾಳೆ ಮೌನದ ದಿನ, ನ್ಯೆಪಿ. ಬೆಂಕಿ ಹಚ್ಚುವಂತಿಲ್ಲ, ಕೆಲಸ ಮಾಡುವಂತಿಲ್ಲ, ಮನೆಯಿಂದ ಹೊರಗೆ ಕಾಲಿಡುವಂತಿಲ್ಲ. ಹೋಟೆಲಿನವರು ರಸ್ಮಿನಿಯನ್ನು ಎರಡು ದಿನ ಅಲ್ಲೇ ಉಳಿಸಿಕೊಂಡಿದ್ದಾರೆ. ನಾಳೆಗೆ ಅನ್ನ, ಒಣಮೀನಿನ ಸಾಂಬಲ್ ಚಟ್ನಿ ಇಂದೇ ಮಾಡಿಟ್ಟೆ. ಬೀದಿಯಲ್ಲಿ ದೆವ್ವದ ಬೊಂಬೆಗಳನ್ನು ಹೊತ್ತು ಡೋಲು ಬಡಿಯುತ್ತಿದ್ದಾರೆ.

ಸಂಜೆಯಿಂದ ಅವಳ ಕತ್ತು ಬೆಚ್ಚಗಿದೆ. ಬಲಗಿವಿಯನ್ನು ಕೈಯಿಂದ ಉಜ್ಜಿಕೊಳ್ಳುತ್ತಾಳೆ.

ಬಂತು, ಆ ದಿನ.

ಮಾರ್ಚ್ 29

ನಿನ್ನೆ ಬರೆಯುವಂತಿರಲಿಲ್ಲ. ಇಂದು ಬರೆಯುತ್ತಿದ್ದೇನೆ.

ಬೆಳಗ್ಗೆ ಎಂಟಕ್ಕೆ ಮೈ ಕಾದಿತ್ತು, ಹತ್ತಕ್ಕೆ ಸುಡುತ್ತಿತ್ತು. ಒದ್ದೆ ಬಟ್ಟೆಯನ್ನು ಉಗಿದಳು. ಸೌತೆಕಾಯಿಯನ್ನು ಉಗಿದಳು. ಹಾಲುವಾಣದ ಎಲೆ ಕಿತ್ತು ಅರೆದು ನೆತ್ತಿಗೆ ಮೆತ್ತಿದೆ. ಸ್ವಲ್ಪ ಹೊತ್ತಿಗೆಲ್ಲ ಒಣಗಿ ಸಿಪ್ಪೆಯಾಗಿ ಉದುರಿತು. ಯಂತ್ರ ತುಳಿಯುವಂತಿಲ್ಲ. ಊರಿನಲ್ಲಿ ಒಂದು ಗಾಡಿಯ ಸದ್ದಿಲ್ಲ, ಒಂದು ರೇಡಿಯೊ ಇಲ್ಲ. ಇಡೀ ಊರಿಗೆ ಕೇಳಿಸುವ ಸದ್ದು ಇದೊಂದೇ, ನಮ್ಮ ಅಂಗಳದ ಅಳು. ಹನ್ನೆರಡರ ಹೊತ್ತಿಗೆ ಅದೂ ಕುಂದಿತು. ಕುಂದಿದ್ದು ಒಳ್ಳೆಯದಲ್ಲವೆಂದು ನನಗೆ ಗೊತ್ತು.

ಆ ಮಾತು ನಾಲಿಗೆಯ ಮೇಲಿತ್ತು. ಹೇಳುವುದಷ್ಟೇ ಬಾಕಿ. ಅವಳ ಮುಖದ ಹತ್ತಿರ ಬಗ್ಗಿದೆ, ಅವಳಿಗೆ ಕೇಳಿಸಬೇಕೆಂದು.

ಆಗ ನನ್ನ ಗಂಡ ಬಂದರು. ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತು ಹೇಳಿದರು:

"ಹಲ್ಲು ಬರ್ತಿದೆ, ಅಷ್ಟೆ. ಇವತ್ತು ಹೇಗೂ ಹೊರಗೆ ಹೋಗೋ ಹಾಗಿಲ್ಲ. ನಾಳೆ ನೋಡೋಣ."

ತೋಳನ್ನು ತಪ್ಪು ಕಂಕುಳಿಗೆ ಕೂಡಿಸಿದರೆ ಬಟ್ಟೆ ಎಳೆಯುತ್ತದೆ. ಎಷ್ಟು ಇಸ್ತ್ರಿ ಹಾಕಿದರೂ ಆ ಸುಕ್ಕು ಹೋಗುವುದಿಲ್ಲ. ಬಿಚ್ಚಿ, ಅದರದೇ ಜಾಗಕ್ಕೆ ಇಟ್ಟಾಗ ತಾನಾಗಿ ಸುಮ್ಮನಾಗುತ್ತದೆ. ಆ ಮಾತು ಹಾಗೆ ಸುಮ್ಮನಾಯಿತು. ಅದೇ ದನಿ. ಅದೇ ಭುಜ, ಅದೇ ಬಾಗಿಲು. ಅಂದು ಅತ್ತೆ ಬಾಗಿಲಲ್ಲಿ ಇರಲೇ ಇಲ್ಲ. ನನಗೆ ಬೆನ್ನು ಹಾಕಿ ನೆಲದಲ್ಲಿ ಕೂತು ಎಲೆ ಅರೆಯುತ್ತಿದ್ದಳು. ಬಾಯಿ ತುಂಬ ಎಲೆಯಡಿಕೆ. ಮಾತು ಮುಗಿದ ಮೇಲೆ ಎದ್ದು ಹೊರಗೆ ಹೋಗಿ ಉಗುಳಿ ಬಂದಳು. ಆ ಕೆಂಪು ಕಲೆ ಮರುದಿನವೂ ಮೆಟ್ಟಿಲ ಬಳಿ ಇತ್ತು, ಮಗುವನ್ನು ಎತ್ತಿಕೊಂಡು ಹೋಗುವಾಗ ನಾನದನ್ನು ದಾಟಿದ್ದೆ.

ಗಂಡನ ಜೊತೆ ಬಾಳಬೇಕಿತ್ತು. ಇನ್ನೊಂದು ಮಗು ಹೆರಬೇಕಿತ್ತು. ಅದಕ್ಕೇ ಇರಬೇಕು, ಮಾತನ್ನು ಮುದುಕಿಯ ಬಾಯಿಗೆ ಹೊಲಿದುಬಿಟ್ಟಿದ್ದೆ.

ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡೆ.

"ಎಲ್ಲಿಗೆ?" ಎಂದ.

"ದಾರಿ ಬಿಡಿ, ಬ್ಲಿ." ಮದುವೆಯಾದಂದಿನಿಂದ ಅವನನ್ನು ಕರೆಯುವುದು ಹಾಗೇ.

"ಹುಚ್ಚು ಹಿಡಿದಿದೆಯಾ? ಊರು ಏನನ್ನುತ್ತೆ? ದಂಡ ಹಾಕ್ತಾರೆ."

"ಹಾಕಲಿ. ಭುಜ ತೆಗೀರಿ."

ತೆಗೆದ. ಇಷ್ಟೇ ಬೇಕಾಗಿತ್ತು ನೋಡು, ಅಂದೂ.

ಬೀದಿಯಲ್ಲಿ ಬಿಸಿಲು ಬಿಟ್ಟರೆ ಯಾರೂ ಇಲ್ಲ. ನನ್ನ ಚಪ್ಪಲಿಯ ಸದ್ದಿಗೆ ನಾಯಿಗಳೂ ಬೊಗಳಲಿಲ್ಲ. ಆಲದ ಮರದಡಿ ಊರ ಕಾವಲಿನ ಗುನಾರ್ತ ಕಪ್ಪು ಬಿಳುಪು ಚೌಕಳಿ ಪಂಚೆಯಲ್ಲಿ ಎದ್ದು ನಿಂತ. ಅವನ ಮದುವೆಯ ಅಂಗಿ ಹೊಲಿದವಳು ನಾನೇ.

"ದಾದೊಂಗ್, ಇವತ್ತು ಎಲ್ಲಿಗೆ ಸವಾರಿ?"

"ಆಸ್ಪತ್ರೆಗೆ."

"ಬೆಳಗ್ಗಿನಿಂದ ಕೇಳಿಸ್ತಿತ್ತು. ಹಲ್ಲು ತಾನೇ? ನಮ್ಮ ಹುಡುಗನೂ ಹೀಗೇ ಊರು ಎಬ್ಬಿಸ್ತಿದ್ದ. ನಾಳೆ ಬೆಳಗ್ಗೆ ನಾನೇ ಕರ್ಕೊಂಡು..."

"ಕೈ ಕೊಡು ಇಲ್ಲಿ."

ಅವನ ಅಂಗೈ ಹಿಡಿದು ಮಗುವಿನ ಕತ್ತಿನ ಮೇಲಿಟ್ಟೆ. ಅವನು ಕೈ ಹಿಂದಕ್ಕೆ ತೆಗೆದುಕೊಂಡು ಇನ್ನೊಬ್ಬ ಕಾವಲಿನವನ ಕಡೆ ತಿರುಗಿದ. "ಬೈಕಿನ ಕೀಲಿ ತಾ. ದಂಡ ಹಾಕೋನು ನಾನೇ, ಕಟ್ಟೋನೂ ನಾನೇ. ಕೂತ್ಕೊಳ್ಳಿ ದಾದೊಂಗ್, ಗಟ್ಟಿ ಹಿಡ್ಕೊಳ್ಳಿ."

ಆಸ್ಪತ್ರೆಯಲ್ಲಿ ಪಾಳಿಯ ನರ್ಸ್ ಒಬ್ಬಳೇ ಇದ್ದಳು. ಕಿವಿಯೊಳಗೆ ದೀಪ ಹಾಕಿ ನೋಡಿದಳು. ಬಾಯಿ ನೋಡಬೇಕೆಂದಳು. ಮಗು ತೆರೆಯಲಿಲ್ಲ. "ಸ್ವಲ್ಪ ಬಾಯಿ ತೆಗೀರಿ, ಆಯ್ತು, ಆಯ್ತು, ಈಗ ಮುಗೀತು" ಎಂದು ನಾನು ಹೇಳಿದಾಗ ತೆರೆಯಿತು.

"ಕಿವಿಯಲ್ಲಿ ಕೀವು ತುಂಬಿದೆ" ಎಂದಳು. ಒಳಗೆ ಹೋಗಿ ಡಾಕ್ಟರಿಗೆ ಫೋನು ಮಾಡಿ ಬಂದು ಔಷಧಿ ಕೊಟ್ಟಳು. "ಹಲ್ಲಿಗೆ ಇಷ್ಟು ಜ್ವರ ಬರಲ್ಲ ದಾದೊಂಗ್. ಹಲ್ಲಿಗೆ ಬರೋದು ಜೊಲ್ಲು, ಹಟ. ಮೈ ಹೀಗೆ ಕಾದ್ರೆ ಕಾಯ್ತಾ ಕೂರಬಾರದು."

"ಇದು ಎಷ್ಟು ವರ್ಷದಿಂದ ಗೊತ್ತು?"

"ಯಾವುದು?"

"ಹಲ್ಲಿಗೆ ಹೀಗೆ ಜ್ವರ ಬರಲ್ಲ ಅನ್ನೋದು."

"ಮೊದಲಿಂದಲೂ ಹಾಗೇ ಅಲ್ವಾ" ಎಂದು ಅವಳು ಚೀಟಿ ಬರೆಯತೊಡಗಿದಳು.

ಯಾಕೆ ಕರೆದುಕೊಂಡು ಹೋದೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಅವಳು ಸತ್ತರೆ ಮತ್ತೆ ತಪ್ಪಿಸಿಕೊಂಡ ಹಾಗೆ. ಬದುಕಲಿ. ಅಷ್ಟೂ ಹಲ್ಲು ಬರಲಿ, ಒಂದೊಂದಕ್ಕೂ ನೋಯಲಿ, ಒಂದೊಂದಕ್ಕೂ ನಾನೇ ಬೇಕಾಗಲಿ. ಬೇರೆ ಕಾರಣವೇನೂ ಇಲ್ಲ.

ಮಾರ್ಚ್ 31

ಜ್ವರ ಇಳಿದಿದೆ. ರಸ್ಮಿನಿ ಬಂದು ನನ್ನ ಕೈ ಹಿಡಿದುಕೊಂಡು ಅತ್ತಳು. ನಾನು ಬಿಡಿಸಿಕೊಂಡೆ, ಗಂಜಿ ಉಕ್ಕುತ್ತಿತ್ತು.

ಅತ್ತೆಯ ವಿಷಯ ಯೋಚಿಸುತ್ತೇನೆ. ಇಪ್ಪತ್ತೈದು ವರ್ಷ. ನಾನು ಯಾಕೆ ಮುಖ ತಿರುಗಿಸುತ್ತೇನೆಂದು ಅವರಿಗೆ ಗೊತ್ತಿತ್ತು. ಒಂದು ಮಾತು, "ಅದು ನಾನಲ್ಲ, ನನ್ನ ಮಗ" ಎಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಮಗನ ಮಾತನ್ನು ಅಂದು ಮೀರಲೂ ಇಲ್ಲ, ಎಲೆ ಅರೆದರು. ನಾನು ಹಾಗೆಂದು ಕ್ಷಮಿಸುವುದಿಲ್ಲ. ಆದರೆ ಅವರ ಮೇಲಿನ ಸಿಟ್ಟನ್ನು ಹುಡುಕಿದರೆ ಇಟ್ಟ ಜಾಗದಲ್ಲಿ ಸಿಗುತ್ತಿಲ್ಲ. ಅದು ಆಗಲೇ ಬೇರೆ ಕಡೆ ಹೋಗಿ ಕೂತಿದೆ, ಅಂಗಳದಾಚೆ, ಹುಂಜಗಳಿಗೆ ಕಾಳು ಹಾಕುತ್ತಿರುವವನ ಪಕ್ಕ.

ಅವನು ಆ ದಿನದ ಬಗ್ಗೆ ಒಂದು ಮಾತೂ ಆಡಿಲ್ಲ. ನಾನೂ ಆಡಿಲ್ಲ. ಜಾಗ, ಹೊತ್ತು, ಎರಡೂ ಸರಿಯಾಗಿ ಕೂಡಬೇಕು.

ಏಪ್ರಿಲ್ 9

ಹಲ್ಲು ಬಂತು. ಕೆಳಗೆ, ಎಡಗಡೆ. ಚಮಚ ತಾಗಿಸಿದರೆ ಸದ್ದು ಬರುತ್ತದೆ.

ಮೊದಲ ಹಲ್ಲಿನ ಶಾಸ್ತ್ರ ಸೂರ್ಯ ಹುಟ್ಟುವ ಹೊತ್ತಿಗೆ, ಅಂಗಳದಲ್ಲಿ. ಪೂಜಾರಿ ತೀರ್ಥ ಚಿಮುಕಿಸಿ ಕಾಫಿ ಕುಡಿದು ಹೋದರು. ರಸ್ಮಿನಿ ಹೂ, ಅಕ್ಕಿ ಗುಡಿಸುತ್ತಿದ್ದಳು. ಮಗುವನ್ನು ಎತ್ತಿಕೊಂಡು ಪೂರ್ವಕ್ಕೆ ಮುಖ ಮಾಡಿ ನಿಂತಿದ್ದವನು ನನ್ನ ಗಂಡ.

"ಅಮ್ಮಾ, ಹಲ್ಲು ಬಂತು ನಿಮಗೆ. ಇನ್ನು ನಮ್ಮನ್ನೆಲ್ಲ ಕಚ್ಚಬಹುದು ನೀವು. ಮೊದಲು ಸೊಸೇನ ಕಚ್ಚಿ."

ರಸ್ಮಿನಿ ನಕ್ಕಳು. ನಾನು ಕೇಳಿದೆ:

"ಬ್ಲಿ, ಕೈಯಲ್ಲಿರೋದು ಯಾರು?"

"ಅಮ್ಮ. ಯಾಕೆ?"

"ನಿಜವಾಗ್ಲೂ?"

"ಬಲಿಯಾನ್ ಹೇಳ್ಲಿಲ್ವಾ? ನನ್ನ ಕಿವಿಯಾರೆ ಕೇಳಿದೀನಿ."

"ಹಾಗಿದ್ರೆ ಅಮ್ಮನ ಮುಖ ನೋಡಿ ಹೇಳಿ. ಲಸ್ತಿನಿಗೆ ಜ್ವರ ಬಂದ ದಿನ, ಹಲ್ಲು ಬರ್ತಿದೆ ಅಷ್ಟೆ, ನಾಳೆ ನೋಡೋಣ ಅಂದಿದ್ದು ಯಾರು? ಅವರಾ, ನೀವಾ? ಅವರಿಗೆ ಗೊತ್ತು. ತಪ್ಪನ್ನ ಅವರೇ ಹೊತ್ಕೊಂಡಿದ್ರು. ಬಾಯಿ ಬಿಡದೆ ಸತ್ರು. ಈಗ ಎದುರಿಗೇ ಇದಾರೆ, ಹೇಳಿ. ನನಗೆ ಹೇಳಬೇಡಿ. ಅವರಿಗೆ ಹೇಳಿ."

ಪೊರಕೆಯ ಸದ್ದು ನಿಂತಿತು. ಅವನು ಮಗುವನ್ನು ನೋಡಿದ. ಮಗು ಅವನ ತಲೆವಸ್ತ್ರದ ತುದಿಯನ್ನು ಎಳೆದು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಒಂದು ಸಲ ತುಟಿ ಅಲುಗಿತು. ಆ ಮರ್ಯಾದೆಯ ಮಾತಿನ ಮೊದಲ ಅಕ್ಷರ ಬಂದಂತಾಗಿ ನಿಂತುಹೋಯಿತು.

"ಇದಕ್ಕೇನು ಗೊತ್ತಾಗುತ್ತೆ" ಎಂದ ಕೊನೆಗೆ. "ಮಗು ಕಣೇ ಇದು."

"ಅಮ್ಮ ಅಲ್ವಾ?"

"ಬರೀ ಮಗು."

"ರಸ್ಮಿನಿ, ಕೇಳಿಸ್ಕೊಂಡೆಯಾ?"

"ಕೇಳಿಸ್ತು, ಅತ್ತೆ."

ಹತ್ತಿರ ಹೋಗಿ ಮಗುವನ್ನು ತೆಗೆದುಕೊಂಡೆ. ಕೊಟ್ಟುಬಿಟ್ಟ. ಅವನ ತೋಳುಗಳು ಸ್ವಲ್ಪ ಹೊತ್ತು ಹಾಗೇ ಮಡಿಚಿಕೊಂಡಿದ್ದವು, ಏನನ್ನೋ ಹಿಡಿದಿರುವ ಆಕಾರದಲ್ಲಿ.

ಮಧ್ಯಾಹ್ನದ ಅಡುಗೆ ಮಾಡಿ ಮುಚ್ಚಿಟ್ಟೆ. ಎಂದಿನಂತೆ ಬಂದು ತಾನೇ ಬಡಿಸಿಕೊಂಡ, ಗೋಡೆಗೆ ಮುಖ ಮಾಡಿ ಕೂತು ತಿಂದ. ತಟ್ಟೆ ತೊಳೆದಿಡುವಾಗ ನನ್ನ ಕಡೆ ನೋಡಿದ, ಏನಾದರೂ ಹೇಳುತ್ತೇನೆಂದು. ನಾನು ಮಗುವಿನ ಒಸಡು ತಿಕ್ಕುತ್ತಿದ್ದೆ. ಪಕ್ಕದಲ್ಲೇ ಎರಡನೆಯದು ಬರುತ್ತಿದೆ.

ಅತ್ತೆಗೂ ಹೀಗೇ ಇಪ್ಪತ್ತೈದು ವರ್ಷ ಅನ್ನ ಹಾಕಿದ್ದೆ. ಅವನಿಗೆ ಐವತ್ತಾರು. ನನಗೆ ಐವತ್ತೆರಡು. ಆತುರವೇನೂ ಇಲ್ಲ.